ಬಾಂಡಿನ ಮೇಲೆ ಬೇರೆಯವರ ಹೆಸರು

ರೋಣದ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಅಂಗಡಿ ಎಂದರೆ ತಗಡಿನ ಛಾವಣಿಯ ಒಂದು ಕೋಣೆ, ಗಿರಾಕಿಗಳಿಗೊಂದು ಬೆಂಚು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ವಾರಸಾ ಅರ್ಜಿ, ಹೆಸರಿನ ತಿದ್ದುಪಡಿ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ, ಕಳೆದುಹೋದ ಕಾಗದಗಳ ಬಗ್ಗೆ ಪ್ರಮಾಣಪತ್ರ, ಇಂಥವನ್ನು ಜನ ಹೇಳಿದಂತೆ ಕೇಳಿಕೊಂಡು, ಕಚೇರಿಗೆ ಒಪ್ಪುವ ಕನ್ನಡದಲ್ಲಿ ಬರೆದು, ಬಾಂಡಿನ ಮೇಲೆ ಪ್ರಿಂಟ್ ತೆಗೆದು ಕೊಡುವುದು ನನ್ನ ಕೆಲಸ. ಬಾಂಡ್ ಎಂದರೆ ನಮ್ಮ ಕಡೆ ಛಾಪಾ ಕಾಗದ. ಮೇಲಿನ ಅರ್ಧದಲ್ಲಿ ಸರಕಾರದ ಮುದ್ರೆ, ಅದನ್ನು ತೆಗೆಸಿದವರ ಹೆಸರು. ಕೆಳಗಿನ ಅರ್ಧ ಖಾಲಿ. ಆ ಖಾಲಿ ಅರ್ಧದಲ್ಲಿ ನನ್ನ ಅನ್ನ ಇತ್ತು.

ನನ್ನ ತವರು ಗಜೇಂದ್ರಗಡ. ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆಯನ್ನು ಅಲ್ಲಿಯೇ ಪಾಸು ಮಾಡಿಕೊಂಡು, ಮದುವೆಯಾಗಿ ರೋಣಕ್ಕೆ ಬಂದೆ. ನನ್ನ ಗಂಡ ಗಜೇಂದ್ರಗಡದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಮಧ್ಯಾಹ್ನ ನನ್ನ ತವರಿನಲ್ಲೇ ಊಟ. ನಾನು ವರ್ಷಕ್ಕೆ ನಾಲ್ಕು ಸಲ ಉಣ್ಣುವ ನನ್ನ ಅವ್ವನ ಕೈಯ ಬಿಸಿ ರೊಟ್ಟಿಯನ್ನು ಅವನು ದಿನಾ ಉಣ್ಣುತ್ತಿದ್ದ. ಮಾತಿನಲ್ಲಿ ನಾನು ಅವನಿಗೆ ‘ರೀ’ ಎಂದೇ ಅನ್ನುವುದು. ಈ ಸಂಗತಿಯನ್ನು ಬರೆಯುವಾಗ ಮಾತ್ರ ಬಹುವಚನ ಕೈಗೆ ಬರುತ್ತಿಲ್ಲ.

ಮೊದಲ ಕೆಲವು ವರ್ಷ ನನ್ನ ಅಂಗಡಿಯ ಯಂತ್ರದಲ್ಲಿ ಊರಿನವರೆಲ್ಲರ ಯಂತ್ರದಲ್ಲಿ ಇದ್ದದ್ದೇ ಇತ್ತು. ಯಾರದೋ ಸಿ.ಡಿ.ಯಿಂದ ಯಾರೋ ಹಾಕಿಕೊಟ್ಟದ್ದು. ಟೈಪು ಮಾಡಿದರೆ ಅಕ್ಷರ ಬರುತ್ತಿತ್ತು, ಪ್ರಿಂಟ್ ಒತ್ತಿದರೆ ಕಾಗದ ಬರುತ್ತಿತ್ತು. ಅದರ ಬಗ್ಗೆ ನಾನು ಯಾವತ್ತೂ ಯೋಚಿಸಿದವಳಲ್ಲ. ಮನೆಯ ಹೊಸ್ತಿಲ ಬಗ್ಗೆ ಯಾರು ಯೋಚಿಸುತ್ತಾರೆ?

ಒಮ್ಮೆ ನನ್ನ ಗಂಡ ಹುಬ್ಬಳ್ಳಿಯಲ್ಲಿ ನಡೆದ ಯಾವುದೋ ಕಾರ್ಯಾಗಾರಕ್ಕೆ ಹೋದ. ಹೋದವನು ಕಂಪ್ಯೂಟರ್ ಮಾಸ್ತರ, ಬಂದವನು ಧರ್ಮಪ್ರಚಾರಕ. ಎದೆಯ ಮೇಲೆ ದಪ್ಪ ಹೊಟ್ಟೆಯ ಪೆಂಗ್ವಿನ್ ಇದ್ದ ಅಂಗಿ, ಚೀಲದ ತುಂಬ ಸಿ.ಡಿ.ಗಳು. ಲಿನಕ್ಸ್ ಎಂಬ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಂತೆ ಅದು, ಪೆಂಗ್ವಿನ್ ಅದರ ಗುರುತು. ಊಟಕ್ಕೆ ಕೂತಾಗಲೇ ಉಪದೇಶ ಶುರುವಾಯಿತು. ನಾವು ಬಳಸುತ್ತಿರುವುದು ಕಳವಿನ ಮಾಲು. ಕೊಂಡು ಬಳಸಿದರೂ ಅದು ಗುಲಾಮಗಿರಿ, ಏಕೆಂದರೆ ಅದರ ಒಳಗೆ ಏನಿದೆಯೆಂದು ಕಂಪನಿಯವರು ತೋರಿಸುವುದಿಲ್ಲ. ಲಿನಕ್ಸ್ ಹಾಗಲ್ಲ, ಅದು ಮುಕ್ತ. ಯಾರು ಬೇಕಾದರೂ ತೆರೆದು ಒಳಗೆ ನೋಡಬಹುದು, ಕೆಟ್ಟರೆ ತಾವೇ ದುರಸ್ತಿ ಮಾಡಿಕೊಳ್ಳಬಹುದು.

“ಈಗಿಂದು ಕೆಟ್ಟಿಲ್ಲಲ್ರಿ,” ಅಂದೆ. “ಕೆಡಲಾರದ್ದನ್ನ ದುರಸ್ತಿ ಯಾಕ ಮಾಡಬೇಕು?”

ನನ್ನ ಗಂಡ ನನ್ನತ್ತ ಮರುಕದಿಂದ ನೋಡಿದ. ಆ ನೋಟವನ್ನು ಮುಂದೆ ಬಹಳ ಸಲ ನೋಡಬೇಕಾಯಿತು. ಬಿಡುಗಡೆ ಹೊಂದಿದವರು ಹೊಂದದವರನ್ನು ನೋಡುವ ರೀತಿ ಅದು.

ನಾನು ನರೇಗಲ್ಲಿಗೆ ಸಂಬಂಧಿಕರ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದ ಭಾನುವಾರ ಅವನು ಅಂಗಡಿಯ ಬಾಗಿಲು ತೆಗೆದು, ಯಂತ್ರದಲ್ಲಿದ್ದದ್ದನ್ನೆಲ್ಲ ಅಳಿಸಿ, ತನ್ನ ಸಿ.ಡಿ. ಹಾಕಿಬಿಟ್ಟ. ನನ್ನನ್ನು ಕೇಳಲಿಲ್ಲ. ಸ್ವಾತಂತ್ರ್ಯದ ವಿಷಯದಲ್ಲಿ ಹೆಂಡತಿಯನ್ನು ಕೇಳಬೇಕೆಂದು ಅವರ ಕಾರ್ಯಾಗಾರದಲ್ಲಿ ಹೇಳಿರಲಿಲ್ಲ ಅಂತ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಪರದೆ ಬೇರೆ ಬಣ್ಣ, ಗುಂಡಿಗಳು ಬೇರೆ ಕಡೆ. ಪ್ರಿಂಟ್ ತೆಗೆಯುವುದು ಹೇಗೆ ಎಂದು ಕೇಳಿದೆ.

“ಅದೊಂದು ಸಣ್ಣ ಕೆಲಸ ಉಳದೈತಿ,” ಅಂದ. “ಸಂಜಿಕ ಬಂದು ಮಾಡಿಕೊಡತೇನಿ.”

ಹೇಳಿ ಗಜೇಂದ್ರಗಡದ ಬಸ್ಸು ಹತ್ತಿದ. ಆ ಸಣ್ಣ ಕೆಲಸ ನಮ್ಮ ಸಂಸಾರದಲ್ಲಿ ವರ್ಷಗಟ್ಟಲೆ ಉಳಿಯಿತು.

ಪ್ರಿಂಟರು ಪೂರ್ತಿ ಸತ್ತಿದ್ದರೆ ನಾನು ಅವತ್ತೇ ಹಳೆಯದನ್ನು ಹಾಕಿಸುತ್ತಿದ್ದೆ. ಅದು ಸಾಯಲಿಲ್ಲ. ಒಮ್ಮೊಮ್ಮೆ ನಡೆಯುತ್ತಿತ್ತು, ಅದೇ ಅದರ ಪೀಡೆ. ನಮ್ಮ ಪ್ರಿಂಟರಿಗೆ ಸ್ವಂತ ನೆನಪು ಅಂತ ಇರಲಿಲ್ಲವಂತೆ. ಪ್ರತಿ ಸಲ ಹಚ್ಚಿದಾಗಲೂ ತಾನು ಪ್ರಿಂಟರು ಎಂಬುದನ್ನು ಅದಕ್ಕೆ ಕಂಪ್ಯೂಟರು ಹೇಳಿಕೊಡಬೇಕು. ಹಳೆಯ ವ್ಯವಸ್ಥೆ ಅದನ್ನು ನಮಗೆ ತಿಳಿಯದಂತೆ ಮಾಡಿಕೊಳ್ಳುತ್ತಿತ್ತು. ಮುಕ್ತ ವ್ಯವಸ್ಥೆಯಲ್ಲಿ ಅದನ್ನು ನಾನು ಮಾಡಬೇಕು. ಕಪ್ಪು ಕಿಟಕಿಯೊಂದನ್ನು ತೆರೆದು, ಇಂಗ್ಲಿಷಿನಲ್ಲಿ ಉದ್ದುದ್ದ ಸಾಲುಗಳನ್ನು ಒಂದು ಚುಕ್ಕಿಯೂ ತಪ್ಪದಂತೆ ಹೊಡೆಯಬೇಕು. ರೋಣದಲ್ಲಿ ಆಗ ಕರೆಂಟು ಹೋಗುವುದು ಬರುವುದು ಗಾಳಿ ಬೀಸಿದಷ್ಟು ಸಹಜ. ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ಪ್ರಿಂಟರಿಗೆ ಹೊಸ ಜನ್ಮ, ನನಗೆ ಅದೇ ಪಾಠ ಮೊದಲಿನಿಂದ.

ಒಮ್ಮೆ ಬೆಂಚಿನ ಮೇಲೆ ಕೂತಿದ್ದ ಒಬ್ಬ ರೈತ ಬಹಳ ಹೊತ್ತು ಆ ಕಪ್ಪು ಕಿಟಕಿಯನ್ನೇ ನೋಡಿ, ಇದೆಲ್ಲ ತನ್ನ ಅರ್ಜಿಯಲ್ಲಿ ಬರೆಯುವುದೇನು ಎಂದು ಕೇಳಿದ. ಅಲ್ಲ, ಇದು ಪ್ರಿಂಟರಿಗೆ ಹೇಳುವುದು ಅಂದೆ. ಅವನು ತನ್ನ ಕಾಗದಗಳನ್ನು ಮಡಚಿಕೊಂಡು ಎದುರಂಗಡಿಗೆ ನಡೆದ.

ಎದುರು ಸಾಲಿನಲ್ಲಿ ಇನ್ನೊಂದು ಟೈಪಿಂಗ್ ಅಂಗಡಿ ಇತ್ತು. ನಡೆಸುವವಳು ನನ್ನ ವಯಸ್ಸಿನ ಮುಸಲ್ಮಾನರ ಹೆಣ್ಣುಮಗಳು. ಅವಳ ಗಂಡ ಒಣಮೆಣಸಿನಕಾಯಿ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಅವಳ ಬೆರಳು ನನ್ನ ಬೆರಳಿಗಿಂತ ಚುರುಕು. ಆದರೆ ಅವಳು ಬರೆದು ತಂದದ್ದನ್ನು ಮಾತ್ರ ಟೈಪು ಮಾಡುತ್ತಿದ್ದಳು. ಬಾಯಲ್ಲಿ ಹೇಳಿದ್ದನ್ನು ಅರ್ಜಿಯ ಭಾಷೆಗೆ ತರಲು ಅವಳಿಗೆ ಆಗುತ್ತಿರಲಿಲ್ಲ. ಓದುಬರಹ ಬಾರದವರೆಲ್ಲ ನನ್ನ ಹತ್ತಿರ ಬರುತ್ತಿದ್ದದ್ದು ಅದಕ್ಕೇ. ಅವಳ ಯಂತ್ರದಲ್ಲಿ ಕಳವಿನ ಮಾಲೇ ಇತ್ತು, ಅವಳ ಪ್ರಿಂಟರು ಹೇಳಿದ ಮಾತು ಕೇಳುತ್ತಿತ್ತು. ನನ್ನ ಗಂಡ ಒಮ್ಮೆ ಚಹಾದ ಅಂಗಡಿಯಲ್ಲಿ ನಾಲ್ಕು ಜನರ ಎದುರು ಅವಳನ್ನು ಕಳ್ಳಿ ಎಂದಿದ್ದ. ಅದು ಅವಳ ಕಿವಿಗೂ ಬಿದ್ದಿತ್ತು. ಅವಳು ಜಗಳಕ್ಕೆ ಬರಲಿಲ್ಲ. ದಿನಾ ಬೆಳಿಗ್ಗೆ ಬೀಗ ತೆಗೆಯುವಾಗ ರಸ್ತೆಯ ಆಚೆಯಿಂದ, “ಇವತ್ತರ ನಡದೈತೇನ್ರೀ ನಿಮ್ಮದು?” ಎಂದು ಕೇಳುತ್ತಿದ್ದಳು. ಅಷ್ಟೇ ಸಾಕಾಗುತ್ತಿತ್ತು.

ಪ್ರಿಂಟ್ ಬಂದರೂ ಸುಖ ಇರಲಿಲ್ಲ. ಆ ವ್ಯವಸ್ಥೆ ಜಗತ್ತಿನ ಕಾಗದವೆಲ್ಲ ಅಮೆರಿಕದ ಅಳತೆಯದು ಎಂದು ನಂಬಿತ್ತು. ನಮ್ಮ ಕಾಗದ ಅದಕ್ಕಿಂತ ಉದ್ದ. ಅಳತೆ ಬದಲಿಸಿ ಇಟ್ಟರೂ ಮರುದಿನ ಮತ್ತೆ ತನ್ನ ಅಳತೆಗೆ ಹೋಗುತ್ತಿತ್ತು. ಕೊನೆಯ ಸಾಲು ಎಲ್ಲೋ ಕಳೆದುಹೋಗುತ್ತಿತ್ತು. ಅರ್ಜಿಗಳಲ್ಲಿ ಕೊನೆಯ ಸಾಲು ಎಂದರೆ ಸಹಿಯ ಜಾಗ. ಸಹಿಯ ಜಾಗ ಇಲ್ಲದ ಅರ್ಜಿಯನ್ನು ಕಚೇರಿಯ ಗುಮಾಸ್ತ ಕಿಟಕಿಯಿಂದಲೇ ವಾಪಸು ಎಸೆಯುತ್ತಿದ್ದ. ಕನ್ನಡದ ಗತಿಯಂತೂ ಹೇಳತೀರದು. ಪರದೆಯ ಮೇಲೆ ನೆಟ್ಟಗೆ ಕಾಣುವ ಅಕ್ಷರ ಕಾಗದಕ್ಕೆ ಬರುವಷ್ಟರಲ್ಲಿ ಮುರಿಯುತ್ತಿತ್ತು. ಒತ್ತಕ್ಷರ ಕೆಳಗೆ ಬರುವ ಬದಲು ಪಕ್ಕಕ್ಕೆ ಬಂದು, ನಡುವೆ ಚುಕ್ಕಿಚುಕ್ಕಿಯ ಒಂದು ಸೊನ್ನೆ. ಪ್ರಮಾಣಪತ್ರ ಎಂಬ ಶಬ್ದದಲ್ಲಿ ಎರಡು ಒತ್ತು ಇದೆ ಎಂಬುದು ನನಗೆ ಹೊಳೆದದ್ದು ಆಗಲೇ. ಗುಮಾಸ್ತ ಒಮ್ಮೆ ಇದು ಯಾವ ಭಾಷೆ ಎಂದು ಕೇಳಿ ಕಳಿಸಿದ್ದ.

ಇದಕ್ಕೆ ನನ್ನ ಗಂಡ ಕಂಡುಹಿಡಿದ ಪರಿಹಾರ, ಪುಟವನ್ನೆಲ್ಲ ಮೊದಲು ಒಂದು ಚಿತ್ರವಾಗಿ ಮಾಡಿ, ಆ ಚಿತ್ರವನ್ನು ಪ್ರಿಂಟ್ ತೆಗೆಯುವುದು. ಒಂದೊಂದು ಪುಟ ಬರುವಷ್ಟರಲ್ಲಿ ಗಿರಾಕಿ ಹೋಗಿ ಚಹಾ ಕುಡಿದು ಬರಬಹುದಿತ್ತು. ಕೆಲವರು ಬರುತ್ತಿದ್ದರು, ಕೆಲವರು ಅತ್ತಲಿಂದ ಅತ್ತ ಹೋಗುತ್ತಿದ್ದರು.

ಅವನು ಇಂಟರ್ನೆಟ್ಟಿನಲ್ಲಿ ಯಾವುದೋ ಗುಂಪಿಗೆ ಪ್ರಶ್ನೆ ಕಳಿಸುತ್ತಿದ್ದ. ಇದರ ಪಂಡಿತರೆಲ್ಲ ಅಲ್ಲಿ ಇದ್ದಾರೆ, ಬಿಡಿಗಾಸು ಕೇಳದೆ ಸಹಾಯ ಮಾಡುತ್ತಾರೆ ಎನ್ನುತ್ತಿದ್ದ. ಒಬ್ಬ ಪಂಡಿತ, ಕೈಪಿಡಿ ಓದಿಕೊಂಡು ಬಾ ಎಂದು ಬರೆದ. ಇನ್ನೊಬ್ಬ, ಇಂಥ ಪ್ರಶ್ನೆಗೆ ಹಿಂದೆಯೇ ಉತ್ತರ ಕೊಟ್ಟಾಗಿದೆ, ಹುಡುಕಿಕೋ ಎಂದ. ಒಂದು ಸಂಜೆ ನನ್ನ ಗಂಡ ಮುಖ ಅರಳಿಸಿಕೊಂಡು ಬಂದ. ಯಾವುದೋ ದೂರದ ದೇಶದ ದೊಡ್ಡ ಮನುಷ್ಯ ಇವನಿಗೆ ಖುದ್ದಾಗಿ ಉತ್ತರ ಬರೆದಿದ್ದನಂತೆ.

“ಏನು ಬರದಾನ?”

“ಅವನ ಪ್ರಿಂಟರ್ ಚಲೋ ನಡದೈತಂತ.”

ನಾನು ಒಲೆಯ ಕಡೆ ತಿರುಗಿಕೊಂಡೆ. ನನ್ನ ಗಂಡನಿಗೆ ಆ ಉತ್ತರದಲ್ಲಿ ಏನೂ ಕೊರತೆ ಕಾಣಿಸಲಿಲ್ಲ.

ನರಗುಂದದಲ್ಲಿ ಅವರದೊಂದು ಸಂಘ ಇತ್ತು. ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ನಾಲ್ಕೈದು ಗಂಡಸರು ಭಾನುವಾರ ಸೇರುತ್ತಿದ್ದರು. ಸಂಘದ ಮುಖ್ಯಸ್ಥನ ಬಗ್ಗೆ ನನ್ನ ಗಂಡ ಹೇಳುವುದನ್ನು ಕೇಳಿದರೆ, ಆತ ಪ್ರಿಂಟರಿನ ತಲೆ ಮುಟ್ಟಿದರೆ ಸಾಕು, ಅದು ಎದ್ದು ನಡೆಯಬೇಕು. ಕೊನೆಗೆ ಒಂದು ಭಾನುವಾರ ನಾನೇ ಹೊರಟೆ. ಪ್ರಿಂಟರನ್ನು ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನರಗುಂದಕ್ಕೆ ಹೋದೆ. ಪಕ್ಕದ ಹೆಂಗಸು ಕೂಸಿಗೆ ಹುಷಾರಿಲ್ಲವೇನು ಎಂದು ಕೇಳಿದಳು.

ಮುಖ್ಯಸ್ಥ ಪ್ರಿಂಟರಿನತ್ತ ಒಮ್ಮೆ ನೋಡಿ ಮೂಗು ಮುರಿದ. ಇದನ್ನು ಕೊಳ್ಳಲು ಯಾರು ಹೇಳಿದರು ಎಂದು ಕೇಳಿದ. ಇದನ್ನು ಮಾಡಿದ ಕಂಪನಿ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ, ಇಂಥದನ್ನು ಕೊಂಡವರು ಸ್ವಾತಂತ್ರ್ಯಕ್ಕೆ ದ್ರೋಹ ಮಾಡಿದ ಹಾಗೆ. ರೋಣದಲ್ಲಿ ಸಿಗುತ್ತಿದ್ದದ್ದೇ ಇದೊಂದು ಅಂದೆ. ಅದು ಕಾರಣವಾಗುವುದಿಲ್ಲ ಎಂದ. ಆಮೇಲೆ ಅವರು ನನ್ನನ್ನು ಮರೆತರು. ಅವತ್ತಿನ ಚರ್ಚೆಯ ವಿಷಯ ಬೇರೆ ಇತ್ತು: ಈ ವ್ಯವಸ್ಥೆಯನ್ನು ಬರೀ ಲಿನಕ್ಸ್ ಎಂದು ಕರೆಯುವುದು ಸರಿಯೋ, ಅದರ ಹಿಂದೆ ಇನ್ನೊಂದು ಹೆಸರು ಸೇರಿಸಿ ಕರೆಯಬೇಕೋ. ಅದರ ಮೇಲೆ ಮಧ್ಯಾಹ್ನವೆಲ್ಲ ವಾದ ನಡೆಯಿತು. ಒಬ್ಬ ಎದ್ದು ಹೊರಗೆ ಹೋಗಿ ಸಿಟ್ಟಿನಲ್ಲಿ ನಿಂತು ಮತ್ತೆ ಒಳಗೆ ಬಂದ. ನಾನು ತಂದಿದ್ದ ಚುರುಮುರಿ ಮಿರ್ಚಿಯನ್ನು ಎರಡೂ ಪಕ್ಷದವರು ತಿಂದರು. ನಾನು ಕಿಟಕಿಯಿಂದ ನರಗುಂದದ ಗುಡ್ಡ ನೋಡುತ್ತ ಕೂತಿದ್ದೆ. ಹೆಸರಿನ ಸಲುವಾಗಿ ಇಷ್ಟು ಕಾದಾಡುವವರು ಒಂದು ಅರ್ಜಿಯ ಕೊನೆಯ ಸಾಲಿನ ಸಲುವಾಗಿ ಯಾಕೆ ಕಾದಾಡುವುದಿಲ್ಲ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಅದರ ಮೇಲೂ ಎರಡು ಪಕ್ಷ ಆಗುತ್ತಿತ್ತು.

ಹೊತ್ತು ಇಳಿಯುವಾಗ ಮುಖ್ಯಸ್ಥ ದೊಡ್ಡ ಮನಸ್ಸು ಮಾಡಿ ಏನೇನೋ ಒತ್ತಿದ. ಪ್ರಿಂಟರು ಒಂದು ಪರೀಕ್ಷಾ ಪುಟ ಹೊರಹಾಕಿತು. ಎರಡು ಗೆರೆ, ಒಂದು ವೃತ್ತ, ಎಲ್ಲ ಸರಿಯಾಗಿದೆ ಎಂಬ ಇಂಗ್ಲಿಷ್ ಒಕ್ಕಣೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಗಂಡ ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಪರೀಕ್ಷಾ ಪುಟ ಯಾವತ್ತೂ ಚೆನ್ನಾಗಿಯೇ ಬರುತ್ತಿತ್ತು. ಅದರ ಮೇಲೆ ತಹಶೀಲ್ದಾರರ ಸಹಿ ಆಗುವುದಿಲ್ಲ. ರೋಣಕ್ಕೆ ಬಂದು ಹಚ್ಚಿದರೆ ಪ್ರಿಂಟರಿಗೆ ನರಗುಂದವೂ ನೆನಪಿರಲಿಲ್ಲ.

ಹಳೆಯದನ್ನೇ ಹಾಕಿಸೋಣ ಎಂದು ನಾನು ಹೇಳದೆ ಇರಲಿಲ್ಲ. ಹೇಳಿದಾಗಲೆಲ್ಲ ಅವನು ಜಗಳ ಮಾಡುತ್ತಿರಲಿಲ್ಲ, ಮೌನವಾಗುತ್ತಿದ್ದ. ಊಟ ಬಿಡುತ್ತಿದ್ದ. ಗಜೇಂದ್ರಗಡದಲ್ಲಿ ಉಂಡಿರುತ್ತಿದ್ದ, ಆ ಮಾತು ಬೇರೆ. ಇನ್ನೊಂದು ವಾರ ಕೊಡು, ಹೊಸ ಆವೃತ್ತಿ ಬರುತ್ತದೆ, ಅದರಲ್ಲಿ ಎಲ್ಲ ಸರಿಯಾಗಿದೆಯಂತೆ ಎನ್ನುತ್ತಿದ್ದ. ಹೊಸ ಆವೃತ್ತಿ ಬರುತ್ತಿತ್ತು. ಅದರಲ್ಲಿ ಪರದೆಯ ಹಿಂದಿನ ಚಿತ್ರ ಬದಲಾಗಿರುತ್ತಿತ್ತು.

ಆಮೇಲೆ ಮಲಪ್ರಭೆಗೆ ನೆರೆ ಬಂದ ವರ್ಷ. ಹೊಳೆಮಣ್ಣೂರ, ಹೊಳೆಆಲೂರು ಕಡೆಯ ದಂಡೆಯ ಊರುಗಳಲ್ಲಿ ನೀರು ಮನೆಯೊಳಗೆ ನಿಂತು, ಜನ ಎತ್ತರದ ಜಾಗಕ್ಕೆ ಹೋಗಿ ಕೂತಿದ್ದರು. ನೀರು ಇಳಿದ ಮೇಲೆ ನೋಡಿದರೆ ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ, ಹೊಲದ ಕಾಗದ ಎಲ್ಲ ಕೊಚ್ಚಿ ಹೋಗಿವೆ, ಇಲ್ಲವೆ ಕೆಸರಿನ ಉಂಡೆಯಾಗಿವೆ. ಕಾಗದ ಕಳೆದುಕೊಂಡವರು ಬಾಂಡಿನ ಮೇಲೆ ಪ್ರಮಾಣಪತ್ರ ಮಾಡಿ ಕೊಡಬೇಕು ಎಂಬ ಸುದ್ದಿ ಹಬ್ಬಿತು. ಟೆಂಪೋ ತುಂಬಿಕೊಂಡು ಜನ ರೋಣಕ್ಕೆ ಬಂದರು. ಬಂದವರಲ್ಲಿ ಬಹಳ ಮಂದಿ ಕೂಲಿಯವರು, ಬಾಯಿಂದ ಹೇಳಬಲ್ಲವರೇ ಹೊರತು ಬರೆದು ತರುವವರಲ್ಲ. ಹೀಗಾಗಿ ಎಲ್ಲರೂ ನನ್ನ ಅಂಗಡಿಯ ಮುಂದೆ.

ನನ್ನ ಗಂಡ ಅವತ್ತು ಕಾಲೇಜಿಗೆ ರಜೆ ಹಾಕಿದ್ದ. ನೆರೆ ಸಂತ್ರಸ್ತರಿಗೆ ನೆರವಾಗಲು ಎಂದ. ನೆರವಿನ ಮೊದಲ ಹೆಜ್ಜೆಯಾಗಿ ಹಿಂದಿನ ಸಂಜೆಯೇ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿಟ್ಟಿದ್ದ. ಅದರಲ್ಲಿ ಪ್ರಿಂಟಿಂಗ್ ಸುಧಾರಿಸಿದೆ ಎಂದು ಯಾರೋ ಬರೆದಿದ್ದರಂತೆ. ಬೆಳಿಗ್ಗೆ ಬಂದು ನಾನು ನನ್ನ ಮಾಮೂಲಿ ಸಾಲುಗಳನ್ನು ಹೊಡೆದರೆ, ಅಂಥ ಆಜ್ಞೆಯೇ ಇಲ್ಲ ಎಂದು ಯಂತ್ರ ಹೇಳಿತು. ಇಷ್ಟು ವರ್ಷ ಕಲಿತ ಆ ದರಿದ್ರ ಪಾಠವೂ ನೀರುಪಾಲಾಗಿತ್ತು.

ಗಂಡ ಪ್ರಿಂಟರಿನ ಮುಂದೆ ಕೂತ. ನಾನು ಕೆಲಸ ನಿಲ್ಲಿಸಲಿಲ್ಲ. ಒಬ್ಬೊಬ್ಬರನ್ನೇ ಕರೆದು, ಯಾವ ಊರು, ಏನೇನು ಹೋಯಿತು ಎಂದು ಕೇಳಿ ಟೈಪು ಮಾಡಿ, ಮುಗಿದ ಹಾಗೆ ಪ್ರಿಂಟ್ ಒತ್ತಿ ಇಡುತ್ತಿದ್ದೆ. ಪ್ರಿಂಟರು ಎಚ್ಚರಾದ ಕೂಡಲೇ ಬರಲಿ ಎಂದು ಅವನೇ ಹಾಗೆ ಹೇಳಿದ್ದ. ನಡುನಡುವೆ ನನ್ನನ್ನು ಸರಿಸಿ ತಾನೂ ಒತ್ತಿ ನೋಡುತ್ತಿದ್ದ. ಜನರ ಕೈಯಿಂದ ಬಾಂಡುಗಳನ್ನು ಇಸಿದುಕೊಂಡು, ಪಾಳಿಯ ಪ್ರಕಾರ ಜೋಡಿಸಿ ಪ್ರಿಂಟರಿನ ತಟ್ಟೆಯಲ್ಲಿ ಇಟ್ಟಿದ್ದ.

ಹೊಳೆಮಣ್ಣೂರಿನ ಒಬ್ಬ ಮುದುಕಿ ಬಹಳ ಹೊತ್ತು ನನ್ನ ಪಕ್ಕದಲ್ಲಿ ನಿಂತಿದ್ದಳು. ಒಬ್ಬಂಟಿ, ಕಂಡವರ ಹೊಲದಲ್ಲಿ ಕೂಲಿ. ಹೋದದ್ದೆಲ್ಲ ಹೇಳಿ ಮುಗಿಸಿದ ಮೇಲೆ ಬೀಸುಕಲ್ಲೂ ಹೋಗಿದೆ, ಅದನ್ನೂ ಬರೆ ಅಂದಳು. ಇದು ಕಾಗದಗಳ ಸಲುವಾಗಿ ಮಾಡುವ ಪತ್ರ, ಅದರಲ್ಲಿ ಬೀಸುಕಲ್ಲು ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ಅವಳು ಒಪ್ಪಲಿಲ್ಲ. ಗ್ವಾಡಿ ಬಿದ್ದು ಕೆಳಗೆ ಸಿಕ್ಕೊಂಡೈತಿ, ಇನ್ನ ಅದು ಬರಾಂಗಿಲ್ಲ, ಬರೆ ಅಂದಳು. ಬರೆದೆ.

ಮಧ್ಯಾಹ್ನದ ಹೊತ್ತಿಗೆ ಗಂಡ ಏನನ್ನೋ ಕಂಡುಹಿಡಿದ. “ಈಗ ನೋಡು,” ಎಂದು ಒಂದು ಸಾಲು ಹೊಡೆದ. ಪ್ರಿಂಟರು ಗುರ್ ಅಂದಿತು. ಬೆಳಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಕಾರತೊಡಗಿತು. ಒತ್ತಿದ ಕ್ರಮ ಬೇರೆ, ಬಾಂಡು ಜೋಡಿಸಿದ ಕ್ರಮ ಬೇರೆ. ಅವನು ನಡುವೆ ಒತ್ತಿ ನೋಡಿದ್ದವೂ ಸೇರಿ ಒಬ್ಬನದೇ ಪತ್ರ ಮೇಲಿಂದ ಮೇಲೆ ಬಂದಿತು. ಮೇಲಿನ ಅರ್ಧದಲ್ಲಿ ಒಬ್ಬರ ಹೆಸರು, ಕೆಳಗಿನ ಅರ್ಧದಲ್ಲಿ ಇನ್ನೊಬ್ಬರ ಕಥೆ. ನಿಲ್ಲಿಸ್ರಿ, ನಿಲ್ಲಿಸ್ರಿ ಎಂದೆ. ಅವನು ನಿಲ್ಲಿಸುವ ಗುಂಡಿ ಹುಡುಕುತ್ತಿದ್ದ. ಮುಕ್ತ ವ್ಯವಸ್ಥೆಯಲ್ಲಿ ನಿಲ್ಲಿಸಲೂ ಒಂದು ವಿಧಾನ ಇರುತ್ತದೆ. ನಾನು ಎದ್ದು ಗೋಡೆಯಿಂದ ವಾಯರು ಕಿತ್ತೆ. ಅಷ್ಟರಲ್ಲಿ ತಟ್ಟೆಯಲ್ಲಿದ್ದ ಬಾಂಡುಗಳು ಹೆಚ್ಚುಕಡಿಮೆ ಎಲ್ಲ ಹಾಳಾಗಿದ್ದವು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಕಾಗದ ಹುಡುಕಿ ಹಿಡಿದುಕೊಂಡು ನಿಂತರು. ಮುದುಕಿ ತನ್ನ ಬಾಂಡನ್ನು ನನ್ನ ಕೈಗೆ ಕೊಟ್ಟಳು.

“ನನ್ನ ಹೆಸರು ಎಲ್ಲೈತಿ ತೋರಸು ಯವ್ವಾ.”

ಮೇಲೆ ತೋರಿಸಿದೆ. ಕೆಳಗೆ ಇರುವುದು ಹೊಳೆಆಲೂರಿನ ಬೇರೆ ಒಬ್ಬರ ಹೆಸರು ಎಂದೂ ಹೇಳಿದೆ. ಮುದುಕಿ ಸ್ವಲ್ಪ ಯೋಚಿಸಿದಳು.

“ನನಗಂತೂ ಓದಾಕ ಬರಾಂಗಿಲ್ಲ. ಸಾಹೇಬ್ರಿಗೆ ಗೊತ್ತಾಗತೈತೇನು?”

ನಾನು ತಿರುಗಿ ಗಂಡನನ್ನು ನೋಡಿದೆ. ಅವನ ಮುಖದಲ್ಲಿ ನಾಚಿಕೆ ಇರಬಹುದು ಅಂದುಕೊಂಡಿದ್ದೆ. ಅವನು ಪರದೆಯತ್ತ ಬಾಗಿ, ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದ. ಇದು ಹೊಸ ಆವೃತ್ತಿಯಲ್ಲಿರುವ ಒಂದು ದೋಷ, ಇನ್ನೂ ಯಾರೂ ಇದನ್ನು ಗಮನಿಸಿದ ಹಾಗಿಲ್ಲ, ಮೊದಲು ವರದಿ ಮಾಡುವವನು ತಾನೇ ಆಗಬಹುದು ಎಂದ. ಅವನ ದನಿಯಲ್ಲಿ ಸಂತೋಷ ಇತ್ತು. ಹೊಳೆಗೆ ಮನೆ ಕಳೆದುಕೊಂಡವರು ಹಾಳಾದ ಬಾಂಡು ಹಿಡಿದು ಸುತ್ತ ನಿಂತಿದ್ದರು. ನನ್ನ ಗಂಡ ಸಂತೋಷದಲ್ಲಿದ್ದ. ಮದುವೆಯಾದ ಮೇಲೆ ಅವನ ಮೇಲೆ ಸಿಟ್ಟು ಬಂದದ್ದು ಎಷ್ಟೋ ಸಲ. ಅವತ್ತು ಸಿಟ್ಟು ಬರಲಿಲ್ಲ. ಚಪ್ಪಲಿಗೆ ಮೆತ್ತಿಕೊಂಡದ್ದನ್ನು ನೋಡುವ ಹಾಗೆ ಅವನನ್ನು ನೋಡಿದೆ, ಆ ನೋಟ ಅವನಿಗೂ ತಾಗಿತು.

“ಏಳ್ರಿ,” ಅಂದೆ. “ಹಾಳಾದವು ಯಾರ್‍ಯಾರವು ಅಂತ ಕೇಳಿಕೊಂಡು ಹೋಗಿ, ಹೊಸ ಬಾಂಡಿಗೆ ಪಾಳಿ ಹಚ್ಚರಿ.”

“ನಾನ?”

“ಮತ್ತ ಆ ಪೆಂಗ್ವಿನ್ ಹಚ್ಚತೈತೇನು?”

ಅವನು ಹೋದ. ನಾನು ಜನರನ್ನು ಕರೆದುಕೊಂಡು ರಸ್ತೆ ದಾಟಿದೆ. ಎದುರಂಗಡಿಯವಳು ಬೆಳಗಿನಿಂದ ಎಲ್ಲವನ್ನೂ ನೋಡಿದ್ದಳು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ನನ್ನ ಹಿಂದಿನ ಗುಂಪನ್ನೂ ಅದರಾಚೆ ನನ್ನ ಅಂಗಡಿಯನ್ನೂ ನಿಧಾನವಾಗಿ ನೋಡಿದಳು. ಆ ಕ್ಷಣವನ್ನು ಅವಳು ಸುಮ್ಮನೆ ಬಿಟ್ಟುಕೊಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

“ಕಳ್ಳರ ಅಂಗಡಿಗೆ ಬಂದೀರಲ್ಲ,” ಅಂದಳು.

“ಬಂದೇನಿ.”

“ಕುಂದರ್ರಿ ಮತ್ತ. ನೀವು ಹೇಳ್ರಿ, ನಾ ಹೊಡೀತೀನಿ.”

ನಾನು ಹೇಳಿದೆ, ಅವಳು ಹೊಡೆದಳು. ಜನ ಒಬ್ಬೊಬ್ಬರಾಗಿ ತಮ್ಮ ಕಥೆಯನ್ನು ಎರಡನೆಯ ಸಲ ಹೇಳಿದರು. ನಾನು ಅದನ್ನು ಕಚೇರಿಯ ಕನ್ನಡಕ್ಕೆ ತಿರುಗಿಸಿ ಬಾಯಿಬಿಟ್ಟು ಹೇಳುವುದರೊಳಗೆ ಅವಳ ಬೆರಳುಗಳು ಆ ವಾಕ್ಯದ ತುದಿಯಲ್ಲಿ ಕಾಯುತ್ತಿದ್ದವು. ಒತ್ತಿದರೆ ಕಾಗದ ಬರುತ್ತಿತ್ತು. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ, ಸಹಿಯ ಸಾಲು ಕೆಳಗೆ. ಎಷ್ಟೋ ಕಾಲದ ಮೇಲೆ ಅದನ್ನು ನೋಡಿದವಳು ಸಹಿಯ ಸಾಲಿನ ಮೇಲೆ ಒಮ್ಮೆ ಬೆರಳು ಆಡಿಸಿದೆ. ಅದು ಅವಳಿಗೆ ಕಾಣದಂತೆ ನೋಡಿಕೊಂಡೆ. ಮುದುಕಿಯ ಸರದಿ ಬಂದಾಗ ಎದುರಂಗಡಿಯವಳು ಬೀಸುಕಲ್ಲಿನ ಹತ್ತಿರ ಬೆರಳು ನಿಲ್ಲಿಸಿ, ಇದೇನು ಎಂದು ನನ್ನ ಮುಖ ನೋಡಿದಳು. ಹೊಡಿ ಅಂದೆ. ಹೊಡೆದಳು.

ಬಾಂಡು ಹಾಳಾದವರಿಗೆ ಹೊಸವು ಬರಬೇಕಿತ್ತು. ನನ್ನ ಗಂಡ ಬಿಸಿಲಲ್ಲಿ ಪಾಳಿ ಹಚ್ಚಿ ತಂತಂದು ಕೊಟ್ಟ. ಅದನ್ನು ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪಾಳಿಯಲ್ಲಿ ಅವನ ಹಿಂದೆ ನಿಂತಿದ್ದ ಹೊಳೆಆಲೂರಿನ ಒಬ್ಬರು ಆಮೇಲೆ ನನ್ನ ಹತ್ತಿರ ಬಂದು, ಸರ್ ಅವರು ಏನೋ ಸ್ವಾತಂತ್ರ್ಯದ ವಿಷಯ ಬಹಳ ಹೊತ್ತು ಹೇಳಿದರು, ನಮಗೆ ತಿಳಿಯಲಿಲ್ಲ, ಅದಕ್ಕೂ ಏನಾದರೂ ಅರ್ಜಿ ಕೊಡಬೇಕಾಗುತ್ತದೆಯೇ ಎಂದು ಕೇಳಿದರು. ಬೇಕಾಗಿಲ್ಲ ಅಂದೆ.

ಕಚೇರಿ ಬಾಗಿಲು ಹಾಕುವ ಮೊದಲು ಎಲ್ಲರ ಪತ್ರವೂ ಒಳಗೆ ಹೋಯಿತು. ಮುದುಕಿ ಟೆಂಪೋ ಹತ್ತುವಾಗ ನನ್ನತ್ತ ನೋಡಲಿಲ್ಲ, ಜಾಗ ಹಿಡಿಯುವ ಅವಸರದಲ್ಲಿದ್ದಳು.

ಮುಂದೆ ಕೆಲವೇ ದಿನಗಳಲ್ಲಿ ನಾನು ನನ್ನ ಮೇಜು ಬೆಂಚುಗಳನ್ನು ಎದುರಂಗಡಿಗೆ ಸಾಗಿಸಿದೆ. ಹೇಳುವುದು ನಾನು, ಹೊಡೆಯುವುದು ಅವಳು, ಬಂದದ್ದರಲ್ಲಿ ಸಮಪಾಲು. ಗೆಳತಿಯರಾದೆವು ಅಂತ ಹೇಳಲಾರೆ. ಅವಳ ಬಾಯಿ ಬಹಳ ಜೋರು, ನನ್ನದೂ ಕಡಿಮೆಯಲ್ಲ. ಫ್ಯಾನು ಯಾರ ಕಡೆ ತಿರುಗಬೇಕು ಎಂಬುದರ ಮೇಲೆಯೇ ವಾರಗಟ್ಟಲೆ ಮಾತು ಬಿಟ್ಟದ್ದುಂಟು. ಆದರೆ ಕೆಲಸ ನಿಲ್ಲುತ್ತಿರಲಿಲ್ಲ.

ಗಂಡ ತನ್ನ ಯಂತ್ರವನ್ನು ಮನೆಗೆ ಹೊತ್ತುಕೊಂಡು ಬಂದು ಪಡಸಾಲೆಯಲ್ಲಿ ಇಟ್ಟುಕೊಂಡ. ನನ್ನೊಡನೆ ಬಹಳ ದಿನ ಮಾತಾಡಲಿಲ್ಲ. ನನಗೂ ಬೇಕಿರಲಿಲ್ಲ. ಅವನು ತನ್ನ ಸಂಕಟವನ್ನು ಗಜೇಂದ್ರಗಡದಲ್ಲಿ ರೊಟ್ಟಿಯ ಜೊತೆ ಹೇಳಿಕೊಂಡಿರಬೇಕು. ಮುಂದಿನ ಸಲ ತವರಿಗೆ ಹೋದಾಗ ಅವ್ವ ಹಿಟ್ಟು ನಾದುತ್ತ, ನನ್ನ ಮುಖ ನೋಡದೆ, “ಅಂವ ಕೆಟ್ಟಾಂವ ಅಲ್ಲ,” ಅಂದಳು.

“ಕೆಟ್ಟಾಂವ ಆಗಿದ್ರ ಸರಳ ಇತ್ತು ಬೇ.”

ಅವ್ವ ರೊಟ್ಟಿ ತಟ್ಟತೊಡಗಿದಳು. ಅಳಿಯ ಕುಡಿಯುವುದಿಲ್ಲ, ಆಡುವುದಿಲ್ಲ, ಹೊಡೆಯುವುದಿಲ್ಲ. ಅಂಥವನ ಬಗ್ಗೆ ದೂರು ಹೇಳುವ ಮಗಳ ಮಾತಿಗೆ ಅವಳ ಹತ್ತಿರ ಜಾಗ ಇರಲಿಲ್ಲ. ಈಗಲೂ ನಾನು ಅವನನ್ನು ಕೆಟ್ಟವನು ಎನ್ನುವುದಿಲ್ಲ. ತನ್ನ ಎದುರಿಗೆ ನಿಂತ ಮನುಷ್ಯನಿಗೆ ಏನು ಬೇಕಾಗಿದೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ, ಕಾಣಬೇಕೆಂಬ ಅವಸರವೂ ಇರಲಿಲ್ಲ. ಜಗತ್ತಿಗೆ ಏನು ಬೇಕು ಎಂಬುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುವರ್ಷ ಒಂದು ಬೆಳಿಗ್ಗೆ, ನಾನೂ ಎದುರಂಗಡಿಯವಳೂ ಕೆಲಸದಲ್ಲಿ ಇದ್ದಾಗ, ನನ್ನ ಗಂಡ ಅಂಗಡಿಯ ಬಾಗಿಲಿಗೆ ಬಂದು ನಿಂತ. ನರಗುಂದದ ಸಂಘದವರು ಒಂದು ಸಭೆ ಇಟ್ಟುಕೊಂಡಿದ್ದರು, ಅದರ ಆಮಂತ್ರಣ ಪತ್ರ ಆಗಬೇಕಿತ್ತು. ಮನೆಯಲ್ಲಿ ಎಷ್ಟು ಹೆಣಗಿದರೂ ಒತ್ತಕ್ಷರ ಬರಲಿಲ್ಲ ಎಂದು ಹೇಳುವಾಗ ದನಿ ಸಣ್ಣದಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಗಿರಾಕಿಯೊಬ್ಬನ ವಾಟ್ನಿಯ ವಿಷಯ ಕೇಳುತ್ತಿದ್ದೆ, ತಲೆ ಎತ್ತಲಿಲ್ಲ.

“ಪಾಳಿ ಐತ್ರಿ ಸರ್,” ಅಂದಳು. “ಕುಂದರ್ರಿ.”

ಅವನು ಬೆಂಚಿನ ತುದಿಯಲ್ಲಿ, ಇಬ್ಬರು ರೈತರ ಪಕ್ಕ ಕೂತ. ತನ್ನ ಸರದಿ ಬಂದಾಗ ಎದ್ದು ಪೆನ್‌ಡ್ರೈವ್ ಕೊಟ್ಟ. ಅವಳು ಅದರಲ್ಲಿದ್ದದ್ದನ್ನು ಹೊಸದಾಗಿ ಹೊಡೆದು, ಬೇಕಾದಷ್ಟು ಪ್ರತಿ ತೆಗೆದು, ಎಲ್ಲರಿಂದ ತೆಗೆದುಕೊಳ್ಳುವಷ್ಟೇ ಅವನಿಂದಲೂ ತೆಗೆದುಕೊಂಡಳು. ಅವನು ಒಂದೊಂದು ಪ್ರತಿಯನ್ನೂ ಬೆಳಕಿಗೆ ಹಿಡಿದು ನೋಡಿ, ಅಕ್ಷರಗಳು ಸರಿ ಇವೆ ಎಂದು ಖಾತ್ರಿ ಮಾಡಿಕೊಂಡು, ಚೀಲದಲ್ಲಿ ಮಡಿಕೆ ಬೀಳದಂತೆ ಇಟ್ಟುಕೊಂಡು ನರಗುಂದದ ಬಸ್ಸಿಗೆ ಹೋದ.